ವಿಟಮಿನ್ ಸಿ ಸೀರಮ್ಮೋ, ನಯಾಸಿನಮೈಡೋ? ರೀಲ್ಸ್ ಬದಿಗಿಟ್ಟು ಒಂದು ಹೋಲಿಕೆ

ಮೊಡವೆ ಮಾಯ್ದ ಮೇಲೆ ಉಳಿಯುವ ಕಂದು ಕಲೆಗೆ ಎರಡನ್ನೂ ಹಚ್ಚಿ ನೋಡಿದ್ದೇನೆ, ಒಂದು ಕೆನ್ನೆಗೆ ಇದು, ಇನ್ನೊಂದಕ್ಕೆ ಅದು. ನನ್ನ ಮತ 5% ನಯಾಸಿನಮೈಡ್‌ಗೆ, ಅಂದರೆ ವಿಟಮಿನ್ ಬಿ3ಯ ಒಂದು ರೂಪಕ್ಕೆ. ರೀಲ್ಸ್‌ನಲ್ಲಿ ಮಿಂಚುವುದು ಮಾತ್ರ ವಿಟಮಿನ್ ಸಿ.

ಆ ಮಿಂಚಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹಚ್ಚಿದ ಕ್ಷಣವೇ ಕಾಣುವ ಹೊಳಪು ಗ್ಲಿಸರಿನ್‌, ಹಯಲುರಾನಿಕ್ ಆಸಿಡ್‌ನಂಥವು ಚರ್ಮದ ಮೇಲೆ ಹಿಡಿದಿಟ್ಟ ತೇವದ್ದು. ಮುಖ ತೊಳೆದರೆ ಅದೂ ಹೋಯಿತು. ಎದುರಿಗೆ ರಿಂಗ್ ಲೈಟ್ ಇದ್ದರೆ ರಂಧ್ರ, ಗುಳಿಗಳ ನೆರಳೇ ಬೀಳುವುದಿಲ್ಲ. ಕಲೆ ನಿಜಕ್ಕೂ ತಿಳಿಯಾಗಲು ಎರಡರಲ್ಲಿ ಯಾವುದಕ್ಕಾದರೂ 8ರಿಂದ 12 ವಾರ ಕೊಡಬೇಕು. ಚರ್ಮದ ಮೇಲ್ಪದರ ಹೊಸದಾಗಲಿಕ್ಕೇ ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು.

ವಿಟಮಿನ್ ಸಿ ತಲೆನೋವು ಇರುವುದು ಬಾಟಲಿಯೊಳಗೆ. ಅದರ ಶುದ್ಧ ರೂಪ ಎಲ್-ಆಸ್ಕಾರ್ಬಿಕ್ ಆಸಿಡ್. ಅದು ಚರ್ಮದೊಳಗೆ ಇಳಿಯಬೇಕಾದರೆ ಸೀರಮ್‌ನ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 3.5ಕ್ಕಿಂತ ಕೆಳಗಿರಬೇಕು, ಪ್ರಮಾಣ 10ರಿಂದ 20% ಇರಬೇಕು. ಆದರೆ ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಆಗಿಬರುವುದಿಲ್ಲ. ಡ್ರಾಪರ್ ಮೇಲೆತ್ತಿದಾಗಲೆಲ್ಲ ಗಾಳಿ ಒಳಹೊಕ್ಕು ಆಕ್ಸಿಡೈಸ್ ಆಗುತ್ತಾ ಹೋಗುತ್ತದೆ. ಮೊದಲು ತಿಳಿಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಂದು. ಕಂದಾದದ್ದನ್ನು ಹಚ್ಚಿದರೆ ಪ್ರಯೋಜನವಿಲ್ಲ, ಉಗುರಿನ ಸಂದಿಗೂ ದಿಂಬಿನ ಕವರ್‌ಗೂ ಹಳದಿ ಕಲೆ ಬೇರೆ. ಬಾಟಲಿ ಗಾಢ ಬಣ್ಣದ್ದಾದ್ದರಿಂದ ಒಳಗೆ ಏನಾಗಿದೆ ಎಂದು ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಹಾಗಾಗಿ ತೆರೆದ ದಿನವೇ ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು, ತಕ್ಷಣ ಫೋಟೊ ತೆಗೆದಿಟ್ಟುಕೊಳ್ಳಿ. ಟಿಶ್ಯೂವನ್ನೇ ಎತ್ತಿಟ್ಟರೆ ಆಗದು, ಆ ಹನಿಯೂ ಕಂದಾಗುತ್ತದೆ. ವಾರಕ್ಕೊಮ್ಮೆ ಹೊಸ ಹನಿಯನ್ನು ಆ ಫೋಟೊ ಜೊತೆ ಹೋಲಿಸಿ.

ಈಗ ಲೆಕ್ಕ ಹಾಕಿ. 1 ಮಿ.ಲೀ.ಗೆ ಸುಮಾರು 20 ಹನಿ. ಮುಖಕ್ಕೆ ದಿನಕ್ಕೆ 4 ಹನಿ ಸಾಕು. ಅಂದರೆ 30 ಮಿ.ಲೀ. ಬಾಟಲಿ 150 ದಿನ ಬರಬೇಕು, ಆದರೆ ಎಷ್ಟೋ ಸೀರಮ್‌ಗಳು ಮೂರು ತಿಂಗಳೊಳಗೇ ಬಣ್ಣ ತಿರುಗುತ್ತವೆ. ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಕಸಕ್ಕೆ. ರೀಲ್ಸ್‌ನಲ್ಲಿ ತುಂಬಿದ ಡ್ರಾಪರನ್ನೇ ಕೆನ್ನೆಗೆ ಸುರಿಯುತ್ತಾರೆ, ಮುಂದಿನ ವಾರ ಬೇರೆ ಬಾಟಲಿ ಹಿಡಿದಿರುತ್ತಾರೆ. ಅರ್ಧ ಬಾಟಲಿ ದಾಟಿದ ಮೇಲೆ ಏನಾಗುತ್ತದೆಂದು ಅವರ ವಿಡಿಯೊದಲ್ಲಿ ಕಾಣುವುದಾದರೂ ಹೇಗೆ? ಡ್ರಾಪರ್ ತುದಿ ಚರ್ಮಕ್ಕೆ ತಾಗಿಸುವುದೂ ತಪ್ಪು. ಅಂಗೈಗೆ ಹನಿ ಬಿಟ್ಟುಕೊಂಡು ಹಚ್ಚಿ.

ನಯಾಸಿನಮೈಡ್‌ಗೆ ಈ ಗೋಳಿಲ್ಲ. ಪಿಎಚ್ 5ರಿಂದ 7ರ ನಡುವೆ ಆರಾಮಾಗಿರುತ್ತದೆ, ಉರಿ ಕಡಿಮೆ. ಕಪ್ಪು ವರ್ಣದ್ರವ್ಯ ಮೇಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುವುದು ಅದರ ಕೆಲಸ. 10%ರ ಬಾಟಲಿ ಹಿಡಿದು 'ಡಬಲ್ ಪವರ್' ಎನ್ನುವವರನ್ನು ನಂಬಬೇಡಿ. ಕಲೆಗೆ 4–5% ಸಾಕು, ಅದಕ್ಕೂ ಹೆಚ್ಚಾದರೆ ಕೆಲವರ ಮುಖ ಕೆಂಪೇರುತ್ತದೆ.

ಎರಡನ್ನೂ ಒಟ್ಟಿಗೆ ಹಚ್ಚಬಾರದೆಂಬ ಮಾತು ಹಳೆಯದು, ಹಚ್ಚಬಹುದು.

ಮೊಡವೆಯ ಗುಳಿ ತುಂಬುವುದು, ರಂಧ್ರ ಮುಚ್ಚುವುದು ಎರಡರಿಂದಲೂ ಆಗದು. ನೀವೇ ಪರೀಕ್ಷಿಸುವುದಾದರೆ ಅದೇ ಕಿಟಕಿ, ಅದೇ ಹೊತ್ತು, ಮುಖ ತೊಳೆದು ಕಾಲು ಗಂಟೆ ಬಿಟ್ಟು, ಬ್ಯೂಟಿ ಮೋಡ್ ತೆಗೆದು ಫೋಟೊ ಹೊಡೆಯಿರಿ.

ದಿನವೂ ಬೆಳಿಗ್ಗೆ ತಪ್ಪದೆ ಹಚ್ಚುವವರು, 15 ಮಿ.ಲೀ. ಬಾಟಲಿ ಸಿಕ್ಕರೆ ವಿಟಮಿನ್ ಸಿ ಕೊಳ್ಳಬಹುದು. ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಗಾಳಿಯಾಡದ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ನನ್ನ ಹಾಗೆ ನಡುನಡುವೆ ಬಿಟ್ಟುಹೋಗುವ ಅಭ್ಯಾಸದವರು ನಯಾಸಿನಮೈಡ್ ತಗೊಳ್ಳಿ, ಉಳಿದ ದುಡ್ಡನ್ನು ಸನ್‌ಸ್ಕ್ರೀನ್‌ಗೆ ಹಾಕಿ. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.