ಇಂಗ್ಲಿಷ್–ಉರ್ದು ಆ್ಯಪ್: ‘ಆಲ್ವೇಸ್’ನಿಂದ ‘ನೆವರ್’ವರೆಗೆ

ಐದಕ್ಕೆ ಮೂರೂವರೆ ನಕ್ಷತ್ರ. ವಿಜಯಪುರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ, ಬರುವವರಲ್ಲಿ ಉರ್ದು ಮಾಧ್ಯಮದ ಮಕ್ಕಳೇ ಹೆಚ್ಚು. ಹೋದ ವರ್ಷದ ಬೇಸಿಗೆ ರಜೆಯಿಂದ ಈ ಆ್ಯಪ್‌ನ ‘ಅಡ್ವರ್ಬ್ಸ್ ಆಫ್ ಫ್ರೀಕ್ವೆನ್ಸಿ’ (ಎಷ್ಟು ಸಲ ಅಂತ ಹೇಳುವ ಪದಗಳು) ಪಾಠ ಬಳಸುತ್ತಿದ್ದೇನೆ.

ಅರ್ಥದ ಮಟ್ಟಿಗೆ ಹೆಸರಿಡುವಂತಿಲ್ಲ. ಆಲ್ವೇಸ್ ಅಂದರೆ ಹಮೇಶಾ, ಆಫನ್ ಅಂದರೆ ಅಕ್ಸರ್, ಸಮ್‌ಟೈಮ್ಸ್ ಅಂದರೆ ಕಭೀ ಕಭೀ. ಇವು ಮಕ್ಕಳ ನಾಲಿಗೆಗೆ ಬೇಗ ಹತ್ತಿದವು. ತೊಡಕಾದದ್ದು ಯೂಶುವಲಿ, ರೇರ್ಲಿಗೆ. ‘ಉಮೂಮನ್’, ‘ಶಾಜ್-ಒ-ನಾದಿರ್’ ಅಂತ ಕೊಟ್ಟಿದ್ದಾರೆ. ತಪ್ಪಲ್ಲ, ಆದರೆ ಅದು ಪುಸ್ತಕದ ಉರ್ದು. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಆಡು ಉರ್ದುವಿನಲ್ಲಿ, ಹಾಡು ಕಟ್ಟಿದ ಊರಿದು. ನನ್ನ ಹತ್ತಿರ ಬರುವ ಮಕ್ಕಳು ಮನೆಯಲ್ಲಿ ಆಡುವುದೂ ದಖನಿಯನ್ನೇ. ಅವರಿಗೆ ರೇರ್ಲಿಗಿಂತ ಶಾಜ್-ಒ-ನಾದಿರ್ರೇ ಕಬ್ಬಿಣದ ಕಡಲೆ. ‘ಬಹುತ್ ಕಮ್’ ಅಂತ ನಾನೇ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ದೊಡ್ಡ ಕೊರತೆ ವಾಕ್ಯ ಕಟ್ಟುವಲ್ಲಿದೆ. ಉರ್ದುವಿನಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ‘ಅಕ್ಸರ್’ ಅದಕ್ಕಿಂತ ಮೊದಲೇ ಬಂದು ಕೂತಿರುತ್ತದೆ. ಇಂಗ್ಲಿಷಿನಲ್ಲಿ ‘ಹೀ ಆಫನ್ ಕಮ್ಸ್ ಲೇಟ್’ ಸರಿ. ಆದರೆ ‘ಈಸ್’ ಬಂತೆಂದರೆ ಆಫನ್ ಅದರ ನಂತರ ಬರಬೇಕು: ‘ಹೀ ಈಸ್ ಆಫನ್ ಲೇಟ್’. ಇದಕ್ಕೆ ಆ್ಯಪ್‌ನಲ್ಲಿ ಒಂದೇ ಸಾಲು, ಅಭ್ಯಾಸವಂತೂ ಇಲ್ಲವೇ ಇಲ್ಲ. ಇನ್ನು ನೆವರ್. ‘ಕಭೀ ನಹೀಂ’ ಅಂತ ಕಲಿತ ಮಕ್ಕಳು ಆ ‘ನಹೀಂ’ಗೂ ಒಂದು ‘ನಾಟ್’ ಹುಡುಕಿ ‘ಐ ಡೋಂಟ್ ನೆವರ್ ಗೋ’ ಅನ್ನುತ್ತಾರೆ. ಇಲ್ಲ ಅನ್ನುವುದು ನೆವರ್‌ನ ಒಳಗೇ ಇದೆ ಎಂದು ಪಾಠದಲ್ಲಿ ಎಲ್ಲೂ ಎಚ್ಚರಿಸಿಲ್ಲ. ‘ಎಂದೂ ಇಲ್ಲ’ ಅನ್ನುವ ನಮ್ಮ ಕನ್ನಡ ಮಾಧ್ಯಮದ ಹುಡುಗರೂ ಇಲ್ಲೇ ಎಡವುತ್ತಾರೆ.

ಮಕ್ಕಳಿಗೆ ಹಿಡಿಸಿದ್ದು ಶೇಕಡಾವಾರು ಪಟ್ಟಿ: ಆಲ್ವೇಸ್ 100, ಸಮ್‌ಟೈಮ್ಸ್ 50, ನೆವರ್ 0. ನಡುವಿನ ಅಂಕಿಗಳೆಲ್ಲ ಬರೀ ಅಂದಾಜು, ವ್ಯಾಕರಣದ ಲೆಕ್ಕವೇನಲ್ಲ. ಆದರೂ ಕೆಲಸಕ್ಕೆ ಬರುತ್ತದೆ. ‘ಓಣಿಯ ನಳಕ್ಕೆ ನೀರು ಬರುತ್ತದಾ?’ ಅಂತ ಕೇಳಿದರೆ ರೇರ್ಲಿಯೋ ಸಮ್‌ಟೈಮ್ಸೋ ಅಂತ ಅವರವರಲ್ಲೇ ಜಗಳ ಹತ್ತುತ್ತದೆ.

ಉರ್ದು ಬಲದಿಂದ ಎಡಕ್ಕೆ ಓಡುವ ಲಿಪಿ. ಮೊದಮೊದಲು ಒಂದೇ ಸಾಲಿನಲ್ಲಿ ಇಂಗ್ಲಿಷ್ ಬೆರೆತು ಪೂರ್ಣವಿರಾಮ, ಪ್ರಶ್ನಾರ್ಥಕ ಎಲ್ಲೆಲ್ಲೋ ಹೋಗಿ ಬೀಳುತ್ತಿದ್ದವು. ಅಪ್‌ಡೇಟ್ ಆದ ಮೇಲೆ ಎರಡನ್ನೂ ಬೇರೆ ಬೇರೆ ಸಾಲಿಗೆ ಹಾಕಿದ್ದಾರೆ. ಆಡಿಯೋದಲ್ಲಿ ‘ಆಫನ್’ ಅನ್ನುತ್ತಾರೆ, ಶಾಲೆಯಲ್ಲಿ ‘ಆಫ್ಟನ್’. ಎರಡೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಐದರಿಂದ ಏಳನೇ ತರಗತಿಯವರಿಗೆ ಇಷ್ಟು ಸಾಕು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇದರ ಜೊತೆ ವ್ಯಾಕರಣದ ಪುಸ್ತಕವನ್ನೂ ತೆಗೆಸಿಕೊಡಿ.