ಅಮ್ಮನ ಮಂಕುತನಕ್ಕೆ ಊಟದ ಕಥೆ ಕೇಳಿದ ಡಾಕ್ಟರ್

ಆರು ತಿಂಗಳಿಂದ ಅಮ್ಮ ಮಂಕಾಗಿದ್ದರು. ಬೆಳಿಗ್ಗೆ ರಂಗೋಲಿ ಹಾಕುವುದನ್ನೇ ಬಿಟ್ಟಿದ್ದರು. ಮಾತಾಡಿಸಿದರೆ ಕಣ್ಣಲ್ಲಿ ನೀರು. "ವಯಸ್ಸಾಯ್ತು ಕಣೇ, ಬಿಡು" ಅನ್ನೋರು. ಅಂಗಾಲು ಜುಮ್ ಅನ್ನುತ್ತೆ ಅಂತ ಒಮ್ಮೆ ಹೇಳಿದ್ದನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮೈಸೂರಿನ ನಮ್ಮ ಬಡಾವಣೆಯಲ್ಲೇ ಇರುವ ಸಣ್ಣ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೊದಲು ಕೇಳಿದ್ದೇ ಊಟದ ಬಗ್ಗೆ. ಹಾಲೆಷ್ಟು, ಮೊಸರೆಷ್ಟು, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಎಷ್ಟು ವರ್ಷದಿಂದ? 20 ನಿಮಿಷ ಕೂರಿಸಿಕೊಂಡು ಮಾತಾಡಿದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಬಂದಿದ್ದು 118. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ.

ಸೊಪ್ಪು, ಕಾಳು, ರಾಗಿ ಎಷ್ಟೇ ತಿಂದರೂ ಬಿ12 ಸಿಗುವುದಿಲ್ಲ. ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಹಾಲು, ಮೊಸರೇ ಗತಿ. ಅಮ್ಮನದು ಬರೀ ನೀರುಮಜ್ಜಿಗೆ. ಜೊತೆಗೆ 10 ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್. ಅದು ಬಿ12 ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಬಿ12 ಕಡಿಮೆಯಾದರೆ ನರಕ್ಕೂ ಪೆಟ್ಟು, ಮನಸ್ಸಿಗೂ ಪೆಟ್ಟು.

ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ. "ಇದೊಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತ ಹೇಳಲ್ಲ. ಬೇಜಾರು ಹಾಗೇ ಉಳಿದರೆ ಮನೋವೈದ್ಯರಿಗೆ ತೋರಿಸೋಣ" ಎಂದರು. ಆ ಮಾತಿಗೇ ನನಗೆ ನಂಬಿಕೆ ಬಂತು.

ಕಾಯುವುದು ಮಾತ್ರ ಜಾಸ್ತಿ, ಒಂದೂವರೆ ಗಂಟೆ. ಊಟದ ಚೀಟಿ ಇಂಗ್ಲಿಷ್‌ನಲ್ಲಿದೆ. ಓದಬೇಕಾದವರು ಅಮ್ಮ ಅಲ್ವಾ? ನಾನೇ ಕನ್ನಡದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಈಗ ಮೂರನೇ ತಿಂಗಳು. ಮೊನ್ನೆ ಹಾಲು ತರಲು ಹೊರಟರೆ ಹೊಸಿಲ ಮುಂದೆ ಏಳು ಚುಕ್ಕಿಯ ರಂಗೋಲಿ. ದಾಟಲು ಮನಸ್ಸಾಗದೆ ಅಲ್ಲೇ ನಿಂತೆ.