ಫೋನ್ ನಂಬರ್ ಪಟ್ಟಿ ಕ್ಲೀನ್ ಮಾಡಲು ಯಾವ ದಾರಿ?

ಕೋಲಾರದ ಟೊಮೇಟೊ ಮಂಡಿಗೆ ಮಾಲು ಹಾಕುವವರ ಫೋನ್ ನೋಡಿ: ‘ಮಂಡಿ ಅಣ್ಣ’, ‘ಮಂಡಿ ಅಣ್ಣ 2’, ‘ಮಂಡಿ ಅಣ್ಣ ಹೊಸದು’. ಮೂವರೂ ಒಬ್ಬರೇ! ಇಂಥದ್ದಕ್ಕೆ ಗೂಗಲ್ ಕಾಂಟ್ಯಾಕ್ಟ್ಸ್‌ನ ‘ಮರ್ಜ್ ಆಂಡ್ ಫಿಕ್ಸ್’ ಸಾಕು. ಒಂದೇ ನಂಬರ್ ಎರಡು ಸಲ ಸೇವ್ ಆಗಿದ್ದರೆ ಅದೇ ಹುಡುಕಿ ತೋರಿಸುತ್ತದೆ, ನೀವು ಒಪ್ಪಿದರೆ ಸೇರಿಸುತ್ತದೆ, ಎಡವಟ್ಟಾದರೆ 30 ದಿನದೊಳಗೆ ಪಟ್ಟಿಯನ್ನು ಮೊದಲಿನಂತೆ ಮಾಡಿಕೊಳ್ಳಬಹುದು. ಆದರೆ ‘ಆಟೋ’, ‘ಆಟೋ ಬಂಗಾರಪೇಟೆ’ ಅಂತ ಬೇರೆ ಬೇರೆ ನಂಬರ್ ಇದ್ದರೆ ಯಾರು ಯಾರು ಅಂತ ಅದಕ್ಕೇನು ಗೊತ್ತು, ಅಲ್ವಾ?

ಇನ್ನೊಂದು ದಾರಿ, ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತಿದ್ದುವುದು. ನೂರಾರು ಹೆಸರಿಗೆ ಊರು ಸೇರಿಸಬೇಕಾದರೆ ಇದೇ ಸಲೀಸು. ಸುಮ್ನೆ ತೆರೆದು ಸೇವ್ ಮಾಡಿದರೆ ಮಾತ್ರ ನಂಬರಿನ ಮುಂದಿನ ಸೊನ್ನೆ ಮಾಯ. ನಾನು ಮರ್ಜ್ ಮಾಡಿ, ಉಳಿದದ್ದನ್ನು ಕೈಯಲ್ಲೇ ತಿದ್ದಿದೆ.